‘ನೀನು ನೋಡಿದ್ಯಾ?’ ಅಂತ ಕೇಳಿದಾಗ...

ಊರಲ್ಲಿ ದೊಡ್ಡ ಸುದ್ದಿಯೊಂದು ಎದ್ದಾಗ ಮನೆಯೊಳಗಿನ ಹೆಣ್ಣುಮಕ್ಕಳ ನಿದ್ದೆ ಯಾಕೆ ಕೆಡುತ್ತೆ? ಅಂಥ ಹೊತ್ತಿನಲ್ಲಿ ಮನಸ್ಸನ್ನೂ ಮನಸ್ಸಾಕ್ಷಿಯನ್ನೂ ಕಾಪಾಡಿಕೊಳ್ಳೋದು ಹೇಗೆ?

ಬೆಳಗಿನ ತಿಂಡಿ ಮುಗಿದು, ಯಜಮಾನರು ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೊರಟ ಮೇಲೆ ಸಿಗುವ ಅರ್ಧ ಗಂಟೆ ಇದೆಯಲ್ಲ, ಅದು ನಮ್ಮದು. ಒಂದು ಲೋಟ ಕಾಫಿ, ಪಕ್ಕದಲ್ಲಿ ಮೊಬೈಲು. ಅಷ್ಟರಲ್ಲಿ ಒಂದು ಮೆಸೇಜು. ‘ಇದನ್ನ ನೋಡಿದ್ಯಾ? ಬೇಗ ನೋಡು, ಆಮೇಲೆ ಡಿಲೀಟ್ ಮಾಡ್ತೀನಿ’. ಕಳಿಸಿದವರೇನು ಅಪರಿಚಿತರಲ್ಲ. ನಿಮ್ಮ ಓರಗಿತ್ತಿಯೋ, ಚೀಟಿ ಗುಂಪಿನ ಗೆಳತಿಯೋ, ಮೇಲಿನ ಮನೆಯವರೋ ಇರಬಹುದು.

ತೆರೆಯಬೇಕಾ, ಬೇಡ್ವಾ? ಎರಡು ಸೆಕೆಂಡಿನ ಪ್ರಶ್ನೆ. ಆದರೆ ಅದಕ್ಕೆ ಕೊಟ್ಟ ಉತ್ತರ ಎಷ್ಟೋ ರಾತ್ರಿಯ ನಿದ್ದೆಯನ್ನು ತಿಂದು ಹಾಕಬಹುದು. ಬೇರೊಬ್ಬ ಹೆಣ್ಣುಮಗಳ ಬದುಕನ್ನೂ!

ರಾಜಕೀಯ ನಮಗ್ಯಾಕೆ ಅನ್ನೋರಿದ್ದಾರೆ. ‘ಅದೆಲ್ಲ ಗಂಡಸರ ಗಲಾಟೆ, ನಮಗೆ ಮನೆಯ ಸಾರು ಕುದ್ದರೆ ಸಾಕು’ ಅಂತ. ಆದರೆ ಅದೇ ರಾಜಕೀಯ ಹೇಳದೆ ಕೇಳದೆ ನಮ್ಮ ಅಡುಗೆಮನೆಗೆ ಬಂದು ಕೂತರೆ? ಹಾಸನ ಜಿಲ್ಲೆಯ ಹೆಂಗಸರಿಗೆ 2024ರಲ್ಲಿ ಆದದ್ದು ಇದೇ.

ಆ ಏಪ್ರಿಲ್ ತಿಂಗಳು...

ಲೋಕಸಭಾ ಚುನಾವಣೆಯ ಹೊತ್ತು. ಏಪ್ರಿಲ್ 26ಕ್ಕೆ ಹಾಸನದಲ್ಲಿ ಮತದಾನ. ಅದಕ್ಕೆ ಕೆಲವೇ ದಿನಗಳ ಮುಂಚೆ ಜಿಲ್ಲೆಯ ಸಾರ್ವಜನಿಕ ಜಾಗಗಳಲ್ಲಿ ಪೆನ್‌ಡ್ರೈವ್‌ಗಳು ಸಿಗತೊಡಗಿದವು. ಆಗಿನ ಸಂಸದ, ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದು ಎನ್ನಲಾದ ಅಶ್ಲೀಲ ವಿಡಿಯೊಗಳು ಅದರಲ್ಲಿದ್ದವು. ಹಂಚಿದವರು ಒಂದು ಸಣ್ಣ ಕನಿಕರವನ್ನೂ ತೋರಿಸಲಿಲ್ಲ. ಹೆಣ್ಣುಮಕ್ಕಳ ಮುಖ ಮರೆಮಾಡಿರಲಿಲ್ಲ. ಪೆನ್‌ಡ್ರೈವ್‌ನಿಂದ ಮೊಬೈಲಿಗೆ, ಒಬ್ಬರ ಮೊಬೈಲಿನಿಂದ ಹತ್ತು ಜನರ ಮೊಬೈಲಿಗೆ ಅವು ಹೋದವು. ಗುರುತು ಸಿಕ್ಕ ಕೆಲವರು ಮನೆ, ಊರು ಬಿಟ್ಟು ಹೋದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು.

ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಸರ್ಕಾರಕ್ಕೆ ಪತ್ರ ಬರೆದರು. ತನಿಖೆಗೆ ಎಸ್‌ಐಟಿ ರಚನೆಯಾಯಿತು. ಮತದಾನ ಮುಗಿದ ಬೆನ್ನಲ್ಲೇ ಸಂಸದರು ಜರ್ಮನಿಗೆ ಹೋದರು. ಮೇ 30ರಂದು ‘ಹಾಸನ ಚಲೋ’ ಹೆಸರಿನಲ್ಲಿ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದ ಜನ ಹಾಸನದ ಬೀದಿಗಳಲ್ಲಿ ನಡೆದರು. ಮರುದಿನವೇ, ಮೇ 31ರಂದು, ವಾಪಸು ಬಂದ ಪ್ರಜ್ವಲ್ ಅವರ ಬಂಧನವಾಯಿತು. ಜೂನ್ 4ರಂದು ಫಲಿತಾಂಶ ಬಂದಾಗ ಅವರು ಚುನಾವಣೆಯಲ್ಲಿ ಸೋತಿದ್ದರು. ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಅವರ ಕಡೆಯಿಂದ ಹೈಕೋರ್ಟಿಗೆ ಮೇಲ್ಮನವಿ ಹೋಯಿತು.

ಇದಿಷ್ಟು ಎಲ್ಲರಿಗೂ ಗೊತ್ತಿರುವ ಸುದ್ದಿ. ಅದೇ ದಿನಗಳಲ್ಲಿ ಮನೆಗಳ ಒಳಗೆ ಏನು ನಡೀತಿತ್ತು? ಅದರ ಬಗ್ಗೆ ನಾವು ಹೆಂಗಸರು ಮಾತಾಡಿದ್ದು ಕಡಿಮೆ.

ತವರಿನಿಂದ ಬಂದ ಫೋನು

ನನ್ನ ತವರು ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಕಡೆ. ಅದೂ ಹಾಸನ ಲೋಕಸಭಾ ಕ್ಷೇತ್ರಕ್ಕೇ ಸೇರಿದ್ದು. ಆ ಮೇ ತಿಂಗಳ ಒಂದು ರಾತ್ರಿ ಅತ್ತಿಗೆ ಫೋನ್ ಮಾಡಿದರು. ಸಾಮಾನ್ಯವಾಗಿ ಅವರ ಮಾತು ಮಳೆ, ಶುಂಠಿ ರೇಟು, ಹಸು ಕರು ಹಾಕಿದ್ದು ಅಂತ ಶುರುವಾಗುತ್ತೆ. ಅವತ್ತು ಹಾಗಿರಲಿಲ್ಲ.

‘ನಿದ್ದೇನೇ ಬತ್ತಿಲ್ಲ ಕಣೇ. ಕಣ್ಣು ಮುಚ್ಚುದ್ರೆ ಎದೆ ಡವಡವ ಅಂತದೆ’.

‘ಯಾಕತ್ತಿಗೆ, ಹುಷಾರಿಲ್ವಾ?’

‘ಮೈಗೇನೂ ಆಗಿಲ್ಲ. ಡೇರಿಗೆ ಹಾಲು ಹಾಕಕ್ಕೆ ಹೋದ್ರೆ ಕಟ್ಟೆ ಮೇಲೆ ಕೂತ ಗಂಡಸ್ರು ಒಬ್ಬೊಬ್ಬಳ ಮುಖಾನೂ ನೋಡ್ತಾರೆ. ಇವಳಾ, ಅವಳಾ ಅಂತ ಲೆಕ್ಕ ಹಾಕೋ ಹಂಗೆ. ಅರ್ಜಿ ಹಿಡ್ಕೊಂಡು ಯಾವತ್ತಾದ್ರೂ ಆಫೀಸು, ಬಂಗಲೆ ಅಂತ ಓಡಾಡಿದೋರೆಲ್ಲ ಈಗ ಅನುಮಾನದೋರೇ ಆಗೋದ್ರು’.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: ‘ನಾನೂ ಹೋಗಿದ್ನಲ್ಲೇ, ಹುಡುಗನ ಕೆಲಸಕ್ಕೆ ಅಂತ. ಹತ್ತು ಜನರ ಜತೇಲಿ ಹೋಗಿದ್ದೆ, ಹತ್ತು ಜನರ ಜತೇಲಿ ಬಂದೆ. ಅವತ್ತು ಯಾರೂ ಏನೂ ಅಂದಿರಲಿಲ್ಲ. ಈಗ ನಿಮ್ಮಣ್ಣನೇ ಒಂದು ಸಲ ಕೇಳುದ್ರು, ನೀನು ಯಾವಾಗ ಹೋಗಿದ್ದೆ ಅಂತ’.

ಆ ಮಾತು ಕೇಳಿ ನನಗೆ ಉಸಿರು ಕಟ್ಟಿದ ಹಾಗಾಯಿತು. ಅಣ್ಣ ಕೆಟ್ಟವರಲ್ಲ. ಕೇಳಿದ ರೀತಿಯೂ ಜೋರಿನದಲ್ಲವಂತೆ. ಆದರೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಆ ಒಂದು ಪ್ರಶ್ನೆ ಸಾಲದೇ, ರಾತ್ರಿಯೆಲ್ಲ ಎಚ್ಚರ ಇರೋಕೆ?

ಆ ವಿಡಿಯೊಗಳು ಅದರಲ್ಲಿದ್ದ ಹೆಣ್ಣುಮಕ್ಕಳನ್ನು ಮಾತ್ರ ಕಾಡಲಿಲ್ಲ. ಸಹಾಯ ಕೇಳಿಕೊಂಡು ಹೊಸಿಲು ದಾಟಿದ ಪ್ರತಿಯೊಬ್ಬಳ ಮೇಲೂ ಅನುಮಾನದ ನೆರಳು ಹಾಕಿದವು. ವರ್ಗಾವಣೆ ಕೇಳಿದ ಟೀಚರು, ಪೆನ್ಷನ್ನಿಗೆ ಅಲೆದ ವಿಧವೆ, ಪಕ್ಷದ ಸಭೆಗೆ ಹೋದ ಕಾರ್ಯಕರ್ತೆ... ಎಲ್ಲರ ಮೇಲೂ. ‘ಇನ್ನು ಮೀಟಿಂಗು ಗೀಟಿಂಗು ಅಂತ ಹೋಗೋದು ಬೇಡ’ ಅನ್ನೋ ಮಾತು ಮನೆಗಳಲ್ಲಿ ಹುಟ್ಟಿದ್ದು ಹೀಗೇ. ನೆನಪಿರಲಿ, 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿದ್ದ ರಾಜ್ಯ ನಮ್ಮದು. ಈಗ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ನಮಗಿದೆ. ಅಲ್ಲಿಯವರೆಗೆ ನಡೆದು ಬಂದವರನ್ನು ಒಂದು ಪೆನ್‌ಡ್ರೈವ್ ವಾಪಸು ಒಳಮನೆಗೆ ಕಳಿಸಬೇಕಾ?

ನಿದ್ದೆ ಕೆಡೋದು ಯಾಕೆ?

‘ಯಾರಿಗೋ ಆದದ್ದಕ್ಕೆ ನಾನ್ಯಾಕೆ ಇಷ್ಟು ಟೆನ್ಷನ್ ಮಾಡ್ಕೋಬೇಕು? ನನಗೇನಾದ್ರೂ ಹುಚ್ಚಾ?’ ಅಂತ ಕೆಲವರು ತಮ್ಮನ್ನೇ ಬೈದುಕೊಳ್ತಾರೆ. ಹಾಗೆ ಬೈದುಕೊಳ್ಳಬೇಕಿಲ್ಲ. ಇದಕ್ಕೆ ಕಾರಣಗಳಿವೆ.

ಮೊದಲನೆಯದು, ನೋಡಿದ್ದನ್ನೇ ನೋಡೋದು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟ ಆಯಿತಲ್ಲ, ಅದರ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು ಒಂದು ಅಧ್ಯಯನ ಮಾಡಿದರು. ಆ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಸ್ಫೋಟದ ಸುದ್ದಿ, ಚಿತ್ರಗಳನ್ನೇ ನೋಡಿದವರಲ್ಲಿ ಕಂಡ ಮಾನಸಿಕ ಒತ್ತಡ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಜಾಸ್ತಿ ಇತ್ತಂತೆ! ಟಿ.ವಿ. ಮುಂದೆ ಕೂತವರಿಗೆ ಪೆಟ್ಟು ಬೀಳೋದಿಲ್ಲ ಅನ್ನೋದು ತಪ್ಪು ತಿಳಿವಳಿಕೆ. ಒಂದೇ ದೃಶ್ಯವನ್ನು ಚಾನೆಲ್‌ನವರು ದಿನವಿಡೀ ತಿರುಗಿಸಿ ತಿರುಗಿಸಿ ತೋರಿಸಿದರೆ, ಮನಸ್ಸಿನ ಮಟ್ಟಿಗೆ ಆ ಘಟನೆ ದಿನವಿಡೀ ಮತ್ತೆ ಮತ್ತೆ ನಡೆದ ಹಾಗೇ.

ಎರಡನೆಯದು, ಹಳೆಯ ಗಾಯ. ಎಷ್ಟೋ ಹೆಣ್ಣುಮಕ್ಕಳ ಎದೆಯಲ್ಲಿ ಯಾರಿಗೂ ಹೇಳದ ಒಂದು ನೆನಪಿರುತ್ತೆ. ಬಸ್ಸಿನಲ್ಲಿ ಆದದ್ದು, ಮದುವೆಮನೆಯ ಕತ್ತಲೆ ಕೋಣೆಯಲ್ಲಿ ಆದದ್ದು, ಹತ್ತಿರದ ನೆಂಟನಿಂದಲೇ ಆದದ್ದು. ಮದುವೆ, ಮಕ್ಕಳು, ಸಂಸಾರ ಅಂತ ಅದರ ಮೇಲೆ ಮಣ್ಣು ಮುಚ್ಚಿರುತ್ತೇವೆ. ಇಂಥ ಸುದ್ದಿ ಬಂದಾಗ ಅದು ಮಿಸುಕಾಡುತ್ತೆ. ಕಾರಣ ಗೊತ್ತಿಲ್ಲದೆ ಸಿಟ್ಟು, ಅಳು, ಗಂಡ ಹತ್ತಿರ ಬಂದರೂ ಬೇಡ ಅನ್ನಿಸೋದು, ಮಗಳು ಟ್ಯೂಷನ್ನಿಂದ ಬರೋದು ಹತ್ತು ನಿಮಿಷ ತಡವಾದರೆ ಕೈ ನಡುಗೋದು, ಇದೆಲ್ಲ ಅದರದೇ ಕೆಲಸ ಇರಬಹುದು.

ಮೂರನೆಯದು, ಮನಸ್ಸಾಕ್ಷಿ. ನಾಲ್ಕು ಜನ ಸೇರಿ ಒಬ್ಬಳ ಬಗ್ಗೆ ಆಡಿಕೊಂಡಾಗ ಬಾಯಿಬಿಡದೆ ಕೂತು ಬಂದಿರುತ್ತೇವೆ. ಅಥವಾ ಕುತೂಹಲ ತಡೆಯದೆ ನೋಡಿಬಿಟ್ಟಿರುತ್ತೇವೆ. ಹಗಲಿನಲ್ಲಿ ಕೆಲಸದ ಗದ್ದಲದಲ್ಲಿ ಅದು ಗೊತ್ತಾಗೋದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಬಂದು ಚುಚ್ಚುತ್ತೆ. ಈ ಚುಚ್ಚುವಿಕೆಯನ್ನು ಕಾಯಿಲೆ ಅಂತ ತಿಳಿಯಬೇಡಿ. ಒಳಗೆ ಇನ್ನೂ ಜೀವ ಇದೆ, ನೋವು ತಟ್ಟುತ್ತೆ ಅನ್ನೋದಕ್ಕೆ ಅದು ಗುರುತು. ಮೊದಲ ಎರಡಕ್ಕೆ ವಿಶ್ರಾಂತಿ, ಮಾತು, ಬೇಕಿದ್ದರೆ ಔಷಧಿ ಸಹಾಯ ಮಾಡುತ್ತೆ. ಮೂರನೆಯದು ಮಾತ್ರ ಏನಾದರೊಂದು ಸರಿಯಾದ ಕೆಲಸ ಮಾಡಿದಾಗಲೇ ತಣ್ಣಗಾಗೋದು. ಎಷ್ಟು ಸಣ್ಣದಾದರೂ ಸರಿ.

‘ಮಾನ ಹೋಯ್ತು’ ಅಂದರೆ ಯಾರದು?

ನಮ್ಮ ಭಾಷೆಯಲ್ಲೇ ಒಂದು ಮಾತು ಕೂತುಬಿಟ್ಟಿದೆ, ‘ಮಾನಭಂಗ’ ಅಂತ. ಕಳ್ಳ ಮನೆಗೆ ನುಗ್ಗಿದರೆ ಒಡವೆ ಹೋಯಿತು ಅಂತೀವಿ, ಮನೆಯವರ ಮಾನ ಹೋಯಿತು ಅನ್ನೋದಿಲ್ಲ. ಹೆಣ್ಣಿನ ಮೇಲೆ ದೌರ್ಜನ್ಯ ಆದಾಗ ಮಾತ್ರ ಹೋಗೋದು ಅವಳ ಮಾನ! ಮಾಡಿದವನ ಮಾನ ಎಲ್ಲಿ ಹೋಯಿತು ಅಂತ ಕೇಳೋರು ಕಡಿಮೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣಿನ ಬಗ್ಗೆ ಪೂರ್ವಗ್ರಹ ತುಂಬಿದ ಪದಗಳನ್ನು ನ್ಯಾಯಾಲಯಗಳಲ್ಲಿ ಬಳಸಬಾರದು ಅಂತ ಒಂದು ಕೈಪಿಡಿಯನ್ನೇ ಹೊರತಂದಿತು. ಕೋರ್ಟಿನಲ್ಲಿ ಬೇಡವಾದ ಮಾತು ನಮ್ಮ ಹಜಾರದಲ್ಲಿ ಯಾಕೆ ಬೇಕು?

ಫ್ರಾನ್ಸ್‌ನ ಜಿಸೆಲ್ ಪೆಲಿಕೊ ಅವರ ಹೆಸರು ನೀವು ಕೇಳಿರಬಹುದು. ಗಂಡನೇ ಮತ್ತು ಬರಿಸಿ, ಪರರಿಂದ ಅತ್ಯಾಚಾರ ಮಾಡಿಸಿ, ಚಿತ್ರೀಕರಿಸಿದ ಪ್ರಕರಣ ಅದು. 2024ರಲ್ಲಿ ನಡೆದ ವಿಚಾರಣೆಗೆ ಆಕೆ ಮುಖ ಮುಚ್ಚಿಕೊಳ್ಳದೆ ಬಂದರು. ಬಾಗಿಲು ತೆರೆದೇ ವಿಚಾರಣೆ ನಡೆಯಲಿ ಅಂದರು. ಆ ವರ್ಷದ ಡಿಸೆಂಬರ್ 19ರಂದು ಆರೋಪಿಗಳೆಲ್ಲ ಅಪರಾಧಿಗಳೆಂದು ತೀರ್ಪು ಬಂತು. ಜಗತ್ತೇ ಆಕೆಗೆ ಕೈಮುಗಿಯಿತು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಅಲ್ಲಿ ಮುಖ ತೋರಿಸುವ ತೀರ್ಮಾನ ಆಕೆಯದೇ. ಹಾಸನದಲ್ಲಿ ಆ ತೀರ್ಮಾನ ತೆಗೆದುಕೊಂಡವರು ಯಾರೋ ಬೇರೆಯವರು. ‘ಸತ್ಯ ಹೊರಗೆ ಬರಲಿ ಅಂತ ಹಂಚಿದೆವು’ ಅನ್ನೋ ಸಬೂಬಿಗೆ ಅರ್ಥ ಇಲ್ಲ. ಸತ್ಯ ಹೊರಬರಬೇಕಿದ್ದರೆ ಪೊಲೀಸ್ ಠಾಣೆ ಇತ್ತು, ಮಹಿಳಾ ಆಯೋಗ ಇತ್ತು, ಕೋರ್ಟ್ ಇತ್ತು. ವಿಡಿಯೊ ಮಾಡಿದವರು ಒಂದು ಸಲ ಗಾಯ ಮಾಡಿದರೆ, ಓಟಿಗಾಗಿ ಹಂಚಿದವರು ಅದೇ ಗಾಯವನ್ನು ಊರ ನಡುವೆ ಬಿಚ್ಚಿಟ್ಟರು. ಹಂಚಿದವರ ಮೇಲೂ ಹಾಸನದಲ್ಲಿ ಪ್ರಕರಣ ದಾಖಲಾಯಿತು.

‘ನಮ್ಮವರು’ ಅನ್ನೋ ಗಂಟು

ಇನ್ನೊಂದು ಕಷ್ಟ ಮನೆಯೊಳಗಿನದು. ಯಜಮಾನರು ಒಂದು ಪಕ್ಷ, ಮೈದುನ ಇನ್ನೊಂದು. ಮಾವನವರಿಗೆ ‘ನಮ್ಮ ಜಾತಿಯವರು, ನಮ್ಮ ಕಡೆಯವರು’ ಅನ್ನೋ ಅಭಿಮಾನ. ಊಟದ ಹೊತ್ತಿಗೆ ವಾದ ಶುರು. ‘ಎಲ್ಲ ವಿರೋಧಿಗಳ ಕುತಂತ್ರ’ ಅಂತ ಒಬ್ಬರು, ‘ಅವರ ಮನೆತನವೇ ಹಾಗೆ’ ಅಂತ ಇನ್ನೊಬ್ಬರು. ಗಮನಿಸಿ ನೋಡಿ, ಈ ಎರಡೂ ಮಾತಿನಲ್ಲಿ ಆ ಹೆಣ್ಣುಮಗಳು ಇಲ್ಲವೇ ಇಲ್ಲ.

ಅನ್ನ ಬಡಿಸುತ್ತಾ ನಿಂತ ನಾವು ಏನು ಹೇಳೋದು? ಪಕ್ಷದ ಪರ, ವಿರೋಧ ವಾದ ಮಾಡೋಕೆ ಹೋದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ. ಅದರ ಬದಲು ಒಂದೇ ಪ್ರಶ್ನೆ ಕೇಳಬಹುದು: ‘ಅದೆಲ್ಲ ಇರಲಿ, ಆ ಹೆಣ್ಣುಮಗಳು ನಮ್ಮನೆಯವಳಾಗಿದ್ರೆ?’ ದನಿ ಏರಿಸಬೇಕಿಲ್ಲ. ಉತ್ತರಕ್ಕೂ ಕಾಯಬೇಕಿಲ್ಲ. ಸಾರು ಬಡಿಸಿ ಒಳಗೆ ಹೋದರಾಯಿತು. ಆ ಪ್ರಶ್ನೆ ತಟ್ಟೆಯ ಪಕ್ಕ ಕೂತಿರುತ್ತೆ.

ಪಕ್ಷ ಯಾವುದಾದರೂ ಇರಲಿ, ನಿಮ್ಮ ಓಟು ನಿಮ್ಮದು. ‘ನಮ್ಮವರು’ ತಪ್ಪು ಮಾಡಿದಾಗಲೂ ತಪ್ಪು ಅನ್ನೋಕೆ ಬರಬೇಕು. ‘ಅವರು’ ತಪ್ಪು ಮಾಡಿದಾಗ ಮಾತ್ರ ಎಚ್ಚರವಾಗೋ ಮನಸ್ಸಾಕ್ಷಿ ಅರೆನಿದ್ದೆಯಲ್ಲಿದೆ ಅಂತಲೇ ಅರ್ಥ. ನಾಳೆ ಇಂಥದ್ದು ಬೇರೆ ಊರಲ್ಲಿ, ಬೇರೆ ಪಕ್ಷದವರಿಂದ ಆದರೂ ಇದೇ ಅಳತೆಗೋಲು ಇರಲಿ.

ಬೆರಳ ತುದಿಯಲ್ಲೇ ಕಾನೂನು

‘ನಾನೇನು ವಿಡಿಯೊ ಮಾಡಿಲ್ಲ, ಬಂದದ್ದನ್ನ ಕಳಿಸಿದೆ ಅಷ್ಟೆ’ ಅನ್ನೋ ಹಾಗಿಲ್ಲ. ಇಷ್ಟು ತಿಳಿದಿರಲಿ:

* ಲೈಂಗಿಕ ದೃಶ್ಯವಿರುವ ವಿಡಿಯೊವನ್ನು ಫಾರ್ವರ್ಡ್ ಮಾಡೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಎ ಪ್ರಕಾರ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

* ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯೋದು, ಹಂಚೋದು ಅದೇ ಕಾಯ್ದೆಯ ಕಲಂ 66ಇ ಅಡಿ ಅಪರಾಧ. 3 ವರ್ಷದವರೆಗೆ ಜೈಲು ಇದೆ.

* ಅತ್ಯಾಚಾರ ಸಂತ್ರಸ್ತೆಯ ಹೆಸರು, ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಪ್ರಕಾರ 2 ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ಕ್ಕೆ ಮುಂಚೆ ಇದೇ ನಿಯಮ ಐಪಿಸಿ ಕಲಂ 228ಎ ಆಗಿತ್ತು.

ಹಾಸನದ ಪ್ರಕರಣದಲ್ಲೂ ವಿಡಿಯೊ ಹಂಚಿದರೆ ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಎಸ್‌ಐಟಿ ಎಚ್ಚರಿಕೆ ಕೊಟ್ಟಿತ್ತು. ಆದರೆ ಜೈಲಿಗೆ ಹೆದರಿ ಮಾತ್ರ ಸುಮ್ಮನಿರಬೇಕಾ? ನಾವು ಒತ್ತುವ ಒಂದು ಬಟನ್ನು ಆ ಹೆಣ್ಣುಮಗಳ ಮಕ್ಕಳ ಸ್ಕೂಲಿನವರೆಗೂ ಹೋಗಿ ಮುಟ್ಟಬಹುದು. ಅಷ್ಟು ನೆನಪಾದರೆ ಸಾಕು, ಬೆರಳು ತಾನಾಗಿ ನಿಲ್ಲುತ್ತೆ.

ಹೀಗೆ ಮಾಡಿ ನೋಡಿ

* ಯಾರಾದರೂ ‘ನೋಡಿದ್ಯಾ?’ ಅಂತ ಕೇಳಿದರೆ ‘ಇಲ್ಲ, ನೋಡೋದೂ ಇಲ್ಲ, ದಯವಿಟ್ಟು ಕಳಿಸಬೇಡಿ’ ಅನ್ನಿ. ಉಪದೇಶ ಬೇಡ, ಜಗಳ ಬೇಡ. ಒಬ್ಬರು ಹೀಗೆ ಹೇಳಿದರೆ ಗುಂಪಿನಲ್ಲಿ ಇನ್ನೂ ಇಬ್ಬರಿಗೆ ಧೈರ್ಯ ಬರುತ್ತೆ.

* ಬಂದುಬಿಟ್ಟಿದ್ದರೆ ಅಳಿಸಿಹಾಕಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗೋ ಸೆಟ್ಟಿಂಗನ್ನು ಆಫ್ ಮಾಡಿಡಿ. ಮಕ್ಕಳು ನಿಮ್ಮ ಫೋನು ಹಿಡಿಯುತ್ತಾರಲ್ಲ!

* ಸುದ್ದಿಗೆ ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ ಪೇಪರು, ಸಂಜೆ ಅರ್ಧ ಗಂಟೆ ನ್ಯೂಸು ಸಾಕು. ಮಲಗುವ ಒಂದು ಗಂಟೆ ಮುಂಚೆ ಟಿ.ವಿ., ಮೊಬೈಲು ಎರಡೂ ಬೇಡ. ಸುದ್ದಿ ಗೊತ್ತಿರೋದು ಬೇರೆ, ಸುದ್ದಿಯಲ್ಲೇ ಮುಳುಗೋದು ಬೇರೆ.

* ಹರಟೆಯಲ್ಲಿ ಯಾವುದೋ ಹೆಣ್ಣಿನ ಹೆಸರು ಬಂದರೆ ‘ಅವಳ ವಿಷಯ ಬಿಡಿ, ಪಾಪ’ ಅಂದು ಮಾತು ತಿರುಗಿಸಿ. ಮಾತು ನಿಲ್ಲದಿದ್ದರೆ ಎದ್ದು ಬನ್ನಿ. ಎದ್ದು ಬರೋದೂ ಒಂದು ಉತ್ತರವೇ.

* ಹದಿಹರೆಯದ ಮಗ, ಮಗಳು ಇದ್ದರೆ ಇಬ್ಬರನ್ನೂ ಕೂರಿಸಿ ಮಾತಾಡಿ. ಮಗಳಿಗೆ ‘ಹುಷಾರು’ ಅನ್ನೋದನ್ನು ನಾವು ಮರೆಯೋದಿಲ್ಲ. ಮಗನಿಗೆ ‘ಇಂಥದ್ದನ್ನ ನೋಡೋದು, ಕಳಿಸೋದು ಗಂಡಸುತನ ಅಲ್ಲ’ ಅಂತ ಹೇಳೋದನ್ನೂ ಮರೆಯಬೇಡಿ.

* ನಿಮ್ಮದೇ ಅಥವಾ ಪರಿಚಯದವರ ಖಾಸಗಿ ಚಿತ್ರ ಹರಿದಾಡುತ್ತಿದ್ದರೆ ಮುಚ್ಚಿಡಬೇಡಿ. ಸ್ಕ್ರೀನ್‌ಶಾಟು, ಕಳಿಸಿದವರ ನಂಬರು, ದಿನ, ವೇಳೆ ಬರೆದಿಟ್ಟುಕೊಳ್ಳಿ. ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಕೊಡಬಹುದು. ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಅಲ್ಲಿ ಹೆಸರು ಹೇಳದೆಯೂ ದಾಖಲಿಸಬಹುದು. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ.

ಪಕ್ಕದ ಮನೆಯವಳಾದರೆ?

ನೊಂದವಳು ನಿಮ್ಮ ಬೀದಿಯವಳೇ ಆಗಿದ್ದರೆ ಏನು ಮಾತಾಡಬೇಕು ಅಂತ ತಿಳಿಯೋದಿಲ್ಲ. ಅದಕ್ಕೇ ಎಷ್ಟೋ ಜನ ಮಾತೇ ಬಿಟ್ಟುಬಿಡುತ್ತಾರೆ. ಆಕೆಗೆ ಆ ಮೌನ ‘ನಿನ್ನದೇ ತಪ್ಪು’ ಅಂತ ಕೇಳಿಸುತ್ತೆ.

‘ನೀನ್ಯಾಕೆ ಅಲ್ಲಿಗೆ ಹೋದೆ?’, ‘ಅವತ್ತೇ ಯಾಕೆ ಹೇಳಲಿಲ್ಲ?’, ‘ಮಕ್ಕಳ ಮುಖ ನೋಡಿ ಸುಮ್ಮನಿದ್ದುಬಿಡು’, ಈ ಮೂರು ಮಾತು ಬೇಡವೇ ಬೇಡ. ಏನಾಯಿತು ಅಂತ ಕೆದಕಿ ಕೇಳೋದೂ ಬೇಡ. ಎಂದಿನ ಹಾಗೇ ಹೋಗಿ. ಒಂದು ಬಟ್ಟಲು ಪಲ್ಯ ಕೊಟ್ಟು ಬನ್ನಿ. ‘ಸಂಜೆ ತರಕಾರಿಗೆ ಹೋಗ್ತಿದೀನಿ, ಬರ್ತೀರಾ?’ ಅಂತ ಕರೆಯಿರಿ. ಬೀದಿಯಲ್ಲಿ ಆಕೆಯ ಪಕ್ಕ ನಡೆಯಿರಿ. ಆಕೆಯೇ ಹೇಳಿದರೆ ಕೇಳಿ, ‘ನಿನ್ನ ತಪ್ಪೇನೂ ಇಲ್ಲ’ ಅನ್ನಿ. ಕೇಳಿದ್ದು ನಿಮ್ಮಲ್ಲೇ ಇರಲಿ. ನಾಲ್ಕು ಜನ ಏನಂತಾರೋ ಅಂತ ಹೆದರಿದ ಹೆಣ್ಣಿಗೆ, ಆ ನಾಲ್ಕು ಜನರಲ್ಲಿ ಒಬ್ಬರಾದರೂ ತನ್ನ ಜತೆ ಇದ್ದಾರೆ ಅನ್ನಿಸಿದರೆ ಅದಕ್ಕಿಂತ ಆಸರೆ ಬೇರೆ ಇಲ್ಲ.

ಅತ್ತಿಗೆಗೂ ನಾನು ಹೇಳಿದ್ದು ಇಷ್ಟೇ: ‘ಅಣ್ಣನಿಗೆ ನೇರವಾಗಿ ಹೇಳಿ, ನೀವು ಹಾಗೆ ಕೇಳಿದ್ದು ನನಗೆ ನೋವಾಯ್ತು ಅಂತ’. ಎರಡು ದಿನ ಬಿಟ್ಟು ಅವರು ಹೇಳಿದರಂತೆ. ಅಣ್ಣ ಏನೂ ಮಾತಾಡದೆ ಎದ್ದು ಹೋದರಂತೆ. ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ತಾವೇ ಎತ್ತಿಕೊಂಡು, ‘ನಡಿ, ಜತೇಲೇ ಹೋಗಣ’ ಅಂದರಂತೆ. ಡೇರಿ ಕಟ್ಟೆಯವರ ಮುಂದೆ ಇಬ್ಬರೂ ನಿಂತು ಹಾಲು ಹಾಕಿ ಬಂದರು. ನಮ್ಮ ಕಡೆ ಗಂಡಸರು ತಪ್ಪಾಯಿತು ಅನ್ನೋ ರೀತಿ ಇದು. ಬಾಯಲ್ಲಿ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು ಅನ್ನಿ!

ವೈದ್ಯರ ಹತ್ತಿರ ಯಾವಾಗ?

ಬೇಸರ, ಭಯ ನಾಲ್ಕು ದಿನ ಇದ್ದು ಹೋದರೆ ಸರಿ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಅದೇ ದೃಶ್ಯ ಕಣ್ಣಮುಂದೆ ಬರುತ್ತಿದ್ದರೆ, ಮನೆಗೆಲಸಕ್ಕೆ ಕೈಕಾಲೇ ಆಡದಿದ್ದರೆ ತಡ ಮಾಡಬೇಡಿ. ‘ಸತ್ತುಹೋದರೆ ಸಾಕು’ ಅನ್ನೋ ಯೋಚನೆ ಒಂದೇ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಎಲ್ಲಿಗೆ ಹೋಗೋದು, ಯಾರಾದರೂ ನೋಡಿದರೆ ಅನ್ನೋ ಸಂಕೋಚವೇ? 14416ಕ್ಕೆ ಫೋನ್ ಮಾಡಿ. ಇದು ‘ಟೆಲಿ ಮಾನಸ್’, 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಿಗೂ ಹೇಳಬೇಕಿಲ್ಲ. ದೌರ್ಜನ್ಯಕ್ಕೆ ಒಳಗಾದವರಿಗೆ ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112. ಜಿಲ್ಲೆಗಳಲ್ಲಿ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳಿವೆ. ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಕಡೆ ಸಿಗಲಿ ಅಂತ ಇರುವ ಕೇಂದ್ರಗಳು ಅವು.

ಕೊನೆಗೊಂದು ಮಾತು

ಆ ತೀರ್ಪು ಬಂದದ್ದು ಯಾರ ಮಾತಿನ ಬಲದಿಂದ ಅಂತ ಒಮ್ಮೆ ಯೋಚಿಸಿ. ತೋಟದ ಮನೆಯಲ್ಲಿ ಕಸ ಗುಡಿಸಿ, ಪಾತ್ರೆ ತೊಳೆದು ಬದುಕುತ್ತಿದ್ದ ಒಬ್ಬ ಹೆಣ್ಣುಮಗಳ ಮಾತು. ಎದುರಿಗಿದ್ದದ್ದು ಮಾಜಿ ಪ್ರಧಾನಿಯವರ ಮನೆತನ. ಆದರೂ ಆಕೆ ಹೇಳಿಕೆ ಬದಲಿಸಲಿಲ್ಲ. ತೋಟದ ಮನೆಯಲ್ಲಿ ಸಿಕ್ಕ ಒಂದು ಸೀರೆ, ಅದರ ಡಿಎನ್‌ಎ ಪರೀಕ್ಷೆ ದೊಡ್ಡ ಸಾಕ್ಷ್ಯವಾಯಿತು. ದೂರು ದಾಖಲಾದ ಒಂದೂವರೆ ವರ್ಷದೊಳಗೆ ತೀರ್ಪು ಬಂತು. ಹೆದರಿಕೆ, ಅವಮಾನ, ಊರ ಬಾಯಿ ಎಲ್ಲವನ್ನೂ ದಾಟಿ ಕೋರ್ಟಿನ ಮೆಟ್ಟಿಲು ಹತ್ತೋಕೆ ಎಂಥ ಮನೋಬಲ ಬೇಕು!

ನಿಮ್ಮ ಮನೆಗೂ ದಿನಾ ಬೆಳಿಗ್ಗೆ ಒಬ್ಬಳು ಬರುತ್ತಾಳಲ್ಲ? ಪಾತ್ರೆ ತೊಳೆದು, ನೆಲ ಒರೆಸಿ, ಇನ್ನೂ ಮೂರು ಮನೆಗೆ ಓಡುವವಳು. ಆ ಮೂರರಲ್ಲಿ ಯಾವುದಾದರೂ ಒಂದು ಮನೆಯಲ್ಲಿ ಅವಳಿಗೆ ತೊಂದರೆಯಾದರೆ ಹೇಳಿಕೊಳ್ಳೋಕೆ ಅವಳಿಗೆ ಯಾರಿದ್ದಾರೆ? ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ಅವರು ದೂರು ಕೊಡಬಹುದು. ಇದು ಅವಳಿಗೆ ಗೊತ್ತಿರಲಿಕ್ಕಿಲ್ಲ. ನೀವು ಹೇಳಬಹುದು.

ನಾಳೆ ಅವಳು ಬಂದಾಗ ಕಾಫಿ ಲೋಟ ಕೈಗೆ ಕೊಟ್ಟು ಎರಡು ನಿಮಿಷ ಕೂರಿಸಿ. ‘ಎಲ್ಲಾದ್ರೂ ಯಾರಾದ್ರೂ ತೊಂದರೆ ಕೊಟ್ರೆ ನನ್ನ ಹತ್ರ ಹೇಳು, ನಾನು ನಂಬ್ತೀನಿ’ ಅನ್ನಿ. ದೊಡ್ಡ ದೊಡ್ಡ ರಾಜಕೀಯ ಬದಲಿಸೋದು ನಮ್ಮ ಕೈಲಿ ಇಲ್ಲದಿರಬಹುದು. ಇಷ್ಟು ಹೇಳೋದು ನಮ್ಮ ಕೈಲಿದೆ. ಹೇಳಿ ನೋಡಿ, ಅವತ್ತು ರಾತ್ರಿ ನಿಮಗೂ ಸ್ವಲ್ಪ ಚೆನ್ನಾಗಿ ನಿದ್ದೆ ಬರಬಹುದು.